ತಿದ್ದುಪಡಿಯೋ, ಪ್ರಕ್ಷಿಪ್ತವೋ?

'ವ್ಯಾಂಪೈರ್: ದ ಮಾಸ್ಕರೇಡ್ – ಬ್ಲಡ್‌ಲೈನ್ಸ್' ಎಂಬ ರೋಲ್‌ಪ್ಲೇಯಿಂಗ್ ಗೇಮ್ 2004ರ ನವೆಂಬರ್‌ನಲ್ಲಿ ಬಗ್‌ಗಳ ಸಮೇತ ಬಂತು. ಕೆಲವೇ ತಿಂಗಳಲ್ಲಿ ಅದನ್ನು ರೂಪಿಸಿದ ಟ್ರೊಯ್ಕಾ ಗೇಮ್ಸ್ ಬಾಗಿಲು ಹಾಕಿತು. ಆಮೇಲೆ ಅದನ್ನು ಉಳಿಸಿದ್ದು ಅಭಿಮಾನಿಗಳ ಪ್ಯಾಚ್. ಅದರಲ್ಲಿ ಎರಡು ಬಗೆ: 'ಬೇಸಿಕ್' ಮುಖ್ಯವಾಗಿ ದೋಷ ಸರಿಪಡಿಸುತ್ತದೆ, 'ಪ್ಲಸ್' ಮೂಲ ತಂಡ ಕೈಬಿಟ್ಟಿದ್ದ ಭಾಗಗಳನ್ನೂ ಮರಳಿ ಸೇರಿಸಿ, ಆಟವನ್ನೇ ಅಲ್ಲಲ್ಲಿ ಬದಲಿಸುತ್ತದೆ.

ಬಗ್ ಫಿಕ್ಸ್ ಬೇರೆ, ಚೇಂಜ್ ರಿಕ್ವೆಸ್ಟ್ ಬೇರೆ ಎಂದು ಆಫೀಸಿನಲ್ಲಿ ದಿನವೂ ವಾದಿಸುವವನು ನಾನು. ಇಲ್ಲಿ ಅದು ಗ್ರಂಥಸಂಪಾದನೆಯ ಪ್ರಶ್ನೆ. ಲಿಪಿಕಾರನ ತಪ್ಪು ತಿದ್ದಬಹುದು. ಕವಿ ಹೊಡೆದುಹಾಕಿದ ಪದ್ಯವನ್ನು ಮರಳಿ ಸೇರಿಸಬಹುದೇ? ಸಮಯ ಸಾಲದೆ ಬಿಟ್ಟದ್ದೋ, ಬೇಡವೆಂದೇ ಬಿಟ್ಟದ್ದೋ, ಆಟವಷ್ಟೇ ನೋಡಿ ಹೇಳಲಾಗದು.

ಮೊದಲ ಸಲ ಆಡುವವರು ಬೇಸಿಕ್ ಹಾಕಿಕೊಳ್ಳಿ. ಪ್ಲಸ್ ಎರಡನೇ ಸುತ್ತಿಗಿರಲಿ. ಅದು ಪ್ರೀತಿಯಿಂದ ಬರೆದ ವ್ಯಾಖ್ಯಾನ, ಮೂಲವಲ್ಲ.