ಕುಣಿದು ಅರಸನಾಗುವುದು: ಬಡಗುತಿಟ್ಟಿನ ಒಡ್ಡೋಲಗ

ಒಡ್ಡೋಲಗವೆಂದರೆ ಅರಸನ ತುಂಬಿದ ಸಭೆ. ಸಾಮಂತರು, ಮಂತ್ರಿಗಳು, ಕವಿಗಳು, ನರ್ತಕಿಯರ ನಡುವೆ ರಾಜ ಕುಳಿತ ವೈಭವವನ್ನು ಹಳಗನ್ನಡ ಕವಿಗಳು ಈ ಮಾತಿನಿಂದ ಕರೆದರು. ಅರಮನೆಗಳು ಅಳಿದವು, ಮಾತು ಯಕ್ಷಗಾನದ ರಂಗಸ್ಥಳದಲ್ಲಿ ಉಳಿಯಿತು. ಹಿರಿಯಡ್ಕ, ಪೆರ್ಡೂರು, ಮಂದಾರ್ತಿಯ ಸುತ್ತಮುತ್ತಲಿನ ಬಡಗುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ಉತ್ತರದ ಶೈಲಿಯಲ್ಲಿ, ಪ್ರಸಂಗದ ಮುಖ್ಯ ವೇಷಗಳು ಮೊದಲ ಸಲ ರಂಗಕ್ಕೆ ಬರುವ ಕುಣಿತಕ್ಕೆ ಇಂದಿಗೂ ಅದೇ ಹೆಸರು.

1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಆನೆ, ಕುದುರೆ, ಜಟ್ಟಿಗಳ ಕಾಳಗ, ಒಡವೆಗಳ ಭಾರಕ್ಕೆ ಬಳಲುವ ಹೆಂಗಳೆಯರನ್ನು ಬಣ್ಣಿಸಿದ್ದಾನೆ. ಅಲ್ಲಿ ಅರಸ ಕುಳಿತು ನೋಡುತ್ತಾನೆ, ಉಳಿದವರು ಕುಣಿಯುತ್ತಾರೆ. ಬಯಲಾಟ ಇದನ್ನು ತಿರುವುಮುರುವಾಗಿಸಿತು. ಇಲ್ಲಿ ಅರಸನೇ ಕುಣಿಯಬೇಕು. ಕುಣಿದು ತಾನು ಅರಸನೆಂದು ತೋರಿಸಬೇಕು. ಬಟ್ಟೆ ಹೊದಿಸಿದ ಮರದ ಪೀಠವೇ ಅವನ ಸಿಂಹಾಸನ.

ಕ್ರಮ ಸರಳವಾಗಿ ಕಂಡರೂ ಬಹಳ ಲೆಕ್ಕಾಚಾರದ್ದು. ಇಬ್ಬರು ತೆರೆ ಹಿಡಿಯುತ್ತಾರೆ. ಮೊದಲು ಕಾಣುವುದು ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಕಾಲು, ಮುಖ ಆಮೇಲೆ. ಪಾಂಡವರ ಒಡ್ಡೋಲಗದಲ್ಲಿ ಐವರ ಹಿರಿತನ ಕಿರಿತನ, ಕೃಷ್ಣನದರಲ್ಲಿ ಲಾಲಿತ್ಯ, ರಕ್ಕಸನದರಲ್ಲಿ ತೆರೆಯ ಹಿಂದಿನ ಅಬ್ಬರ: ಪಾತ್ರದ ಸ್ವಭಾವ ಒಂದು ಮಾತೂ ಆಡದೆ ತಿಳಿದುಬಿಡುತ್ತದೆ. ‘ಬಲ್ಲಿರೇನಯ್ಯ’ ಎಂದು ವೇಷಧಾರಿ ಭಾಗವತರತ್ತ ತಿರುಗುವ ಹೊತ್ತಿಗೆ ಪ್ರೇಕ್ಷಕರು ಅವನನ್ನು ಅರಸನೆಂದು ಒಪ್ಪಿಯಾಗಿರುತ್ತದೆ.

ಈ ಒಪ್ಪಿಗೆಯನ್ನು ಗಳಿಸಿಕೊಡುವುದು ಬಹುಮಟ್ಟಿಗೆ ಮದ್ದಳೆ. ಬಡಗುತಿಟ್ಟಿನ ಹಿಮ್ಮೇಳಕ್ಕೆ ಏರುಮದ್ದಳೆಯನ್ನು ತಂದವರೆಂದು ಹೆಸರಾದ ಹಿರಿಯಡ್ಕ ಗೋಪಾಲರಾಯರ (1919–2018) ಮಹತ್ವ ಇರುವುದು ಇಲ್ಲಿಯೇ. ಏರುಶ್ರುತಿಯ ನುಡಿತ ಹೆಜ್ಜೆಯ ಅಂಚನ್ನು ಚುರುಕುಗೊಳಿಸಿತು; ಚೆಂಡೆಯ ಆರ್ಭಟದ ನಡುವೆಯೂ ಪ್ರತಿ ಹೆಜ್ಜೆ ಕಿವಿಗೆ ಬೀಳುವಂತಾಯಿತು. ಅವರಿಂದ ಕಲಿತ ಅಮೆರಿಕದ ಮಾರ್ಥಾ ಆಷ್ಟನ್ 1977ರಲ್ಲಿ ಬಡಗುತಿಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಸಹಲೇಖಕರೊಂದಿಗೆ ಗ್ರಂಥ ಬರೆದರು. ಕೋಟ ಶಿವರಾಮ ಕಾರಂತರು ತಮ್ಮ ಬ್ಯಾಲೆ ಪ್ರಯೋಗಗಳಲ್ಲಿ ಮಾತನ್ನು ಕಳೆದು ವಯೊಲಿನ್, ಸ್ಯಾಕ್ಸೊಫೋನ್ ಸೇರಿಸಿದರು. ಸಂಪ್ರದಾಯಸ್ಥರಿಗೆ ಅದು ಹಿಡಿಸಲಿಲ್ಲ. ಆದರೂ ಕುಣಿತ ತನ್ನ ಬಲದಿಂದಲೇ ನಿಲ್ಲಬಲ್ಲದು ಎಂಬುದು ಅಲ್ಲಿ ಸಾಬೀತಾಯಿತು, ಮತ್ತು ಆ ಬಲದ ಬೇರು ಒಡ್ಡೋಲಗದಲ್ಲಿಯೇ ಇದೆ.

ಒಡ್ಡೋಲಗದ ಮೇಲಿನ ಮುಖ್ಯ ಆಕ್ಷೇಪ ಪುನರಾವರ್ತನೆ: ಕಥೆ ಮುಂದುವರಿಯದೆ ಅದದೇ ಹೆಜ್ಜೆ. ಕಲಾವಿದ ದುರ್ಬಲನಾದಾಗ ಈ ಮಾತು ನಿಜ. ಆಗ ಅದು ಬರಿಯ ಕವಾಯತು. ಆದರೆ ಬೆಳತನಕದ ಆಟ ಕಾಲಮಿತಿಗೆ ಇಳಿದಾಗ ಮೊದಲು ಕತ್ತರಿ ಬಿದ್ದದ್ದು ಇದಕ್ಕೇ ಎಂಬುದು ಸಣ್ಣ ನಷ್ಟವಲ್ಲ. ವೇಷ ಈಗ ನೇರವಾಗಿ ಬಂದು ಪದ್ಯಕ್ಕೆ ಕುಣಿದು ಅರ್ಥಕ್ಕೆ ಇಳಿಯುತ್ತದೆ. ಹೀಗೆ ಬಂದ ಅರಸನಿಗೆ ಕಿರೀಟವಿದೆ, ಸಭೆಯಿಲ್ಲ. ಕಾಣದ ಮಂತ್ರಿ ಸಾಮಂತರನ್ನು ಕಟ್ಟಿಕೊಡುತ್ತಿದ್ದ ಆ ಕುಣಿತದ ಜಾಗವನ್ನು ವಾಕ್ಚಾತುರ್ಯ ಎಷ್ಟಿದ್ದರೂ ತುಂಬದು. ಬಣ್ಣದ ದೀಪ, ಹೊಗೆಯ ಯಂತ್ರಗಳಂತೂ ತುಂಬವೇ ತುಂಬವು.

ಐದು ಗಂಟೆಯ ಆಟದಲ್ಲಿ ಕಾಲು ಗಂಟೆಯನ್ನಾದರೂ ಒಂದು ಪೂರ್ಣ ಒಡ್ಡೋಲಗಕ್ಕೆ ಮೇಳಗಳು ಮೀಸಲಿಡಬೇಕು.