ರದ್ದಾದ ಕ್ಷಿಪಣಿ, ರದ್ದಾಗದ ದಾರಿ

ಗಡಿನಾಡಿನ ಕಡತಗಳನ್ನು ಹೇಗೆ ಓದಬೇಕು ಎಂಬ ಚರ್ಚೆ ಬೆಳಗ್ಗೆಯಿಂದ ನಡೀತಾ ಉಂಟು. ಅದಕ್ಕೆ ಸೇರಿಸಲು ನಾನು ದೂರದ ಒಂದು ಉದಾಹರಣೆ ತೆಗೆದುಕೊಂಡಿದ್ದೇನೆ. ನನ್ನ ಪ್ರಶ್ನೆ 'ರದ್ದು' ಎಂಬ ಪದದ ಬಗ್ಗೆ: ರದ್ದಾಯಿತು ಅಂತ ಹೇಳುವವರು ಯಾರು, ಯಾರಿಗೆ ರದ್ದಾಯಿತು?

ಬ್ರಿಟನ್ 1955ರಲ್ಲಿ 'ಬ್ಲೂ ಸ್ಟ್ರೀಕ್' ಎಂಬ ಬ್ಯಾಲಿಸ್ಟಿಕ್ ಕ್ಷಿಪಣಿಯ ಕೆಲಸ ಶುರುಮಾಡಿತು. ಸೀಮೆಎಣ್ಣೆ, ದ್ರವ ಆಮ್ಲಜನಕಗಳಿಂದ ಹಾರುವ ಕ್ಷಿಪಣಿ ಅದು. ಒಂದೇ ಕಡೆ ನೆಲೆನಿಂತು, ಇಂಧನ ತುಂಬಿಸಿಕೊಂಡು ಹಾರಬೇಕು. ಅಷ್ಟರೊಳಗೆ ಶತ್ರುವಿನ ದಾಳಿ ಮುಗಿದಿರಬಹುದು. 1960ರ ಏಪ್ರಿಲ್ 13ರಂದು ರಕ್ಷಣಾ ಸಚಿವ ಹೆರಾಲ್ಡ್ ವಾಟ್ಕಿನ್ಸನ್ ಸಂಸತ್ತಿನಲ್ಲಿ ಅದನ್ನು ಆಯುಧವಾಗಿ ಕೈಬಿಟ್ಟೆವು ಎಂದು ಘೋಷಿಸಿದರು.

ಲಂಡನ್ನಿನ ಕಡತದಲ್ಲಿ ಆಯುಧದ ಕತೆ ಅಲ್ಲಿಗೆ ಮುಗಿಯಿತು. ರಾಕೆಟ್ ಮಾತ್ರ ಉಳಿಯಿತು. ಯುರೋಪಿನ ದೇಶಗಳು ಕೂಡಿ ಕಟ್ಟಿದ 'ಯುರೋಪಾ' ಉಡಾವಣಾ ವಾಹನಕ್ಕೆ ಅದೇ ಮೊದಲ ಹಂತ. 1964ರ ಜೂನ್ 5ರಂದು ಆಸ್ಟ್ರೇಲಿಯಾದ ವೂಮೆರಾದಿಂದ ಅದು ಮೊದಲು ಹಾರಿತು. ಅದರ ದಾರಿ ಪಶ್ಚಿಮದ ಮರುಭೂಮಿಯ ಮೇಲೆ. ಅಲ್ಲಿ ಯಾರೂ ಇಲ್ಲವೆಂಬ ಲೆಕ್ಕ. ಆದರೆ ಪರ್ಸಿವಲ್ ಲೇಕ್ಸ್ ಪ್ರದೇಶದಲ್ಲಿ ಬಿಳಿಯರನ್ನೇ ಕಾಣದ ಮಾರ್ತು ಹೆಂಗಸರು, ಮಕ್ಕಳು ಇದ್ದರು. ಗಸ್ತು ಅಧಿಕಾರಿಗಳು ಅವರನ್ನು ಹುಡುಕಿಕೊಂಡು ಹೋದರು. ಕೊನೆಗೆ ಅವರನ್ನು ಜಿಗಲಾಂಗ್ ಮಿಷನ್ನಿಗೆ ಸಾಗಿಸಿದರು.

ಆಗ ಹದಿಹರೆಯದ ಹುಡುಗಿಯಾಗಿದ್ದ ಯುವಾಲಿ ಇದನ್ನು ಮುಂದೆ ತನ್ನ ಬಾಯಲ್ಲೇ ಹೇಳಿದ್ದಾಳೆ: 'ಕ್ಲಿಯರ್ಡ್ ಔಟ್' (2005) ಪುಸ್ತಕದಲ್ಲಿ, 'ಕಾಂಟ್ಯಾಕ್ಟ್' (2009) ಸಾಕ್ಷ್ಯಚಿತ್ರದಲ್ಲಿ. ಎರಡರಲ್ಲೂ ಅಧಿಕಾರಿಗಳ ದಾಖಲೆ ಮತ್ತು ಅವಳ ನೆನಪು ಪಕ್ಕಪಕ್ಕ ಬರ್ತವೆ. ಅಧಿಕಾರಿಗಳು ಕ್ರೂರಿಗಳಲ್ಲ, ಅವರ ಭಾಷೆ ರಕ್ಷಣೆಯ ಭಾಷೆ. ಅವಳ ನೆನಪಿನಲ್ಲಿರುವುದು ಅವರ ಲಾರಿ ಕಂಡು ಹೆದರಿ ಓಡಿದ್ದು.

ಚಿತ್ರದ ಬಗ್ಗೆ ನನಗೊಂದು ತಕರಾರು ಉಂಟು. 'ಕಾಂಟ್ಯಾಕ್ಟ್' ಎಂಬ ಹೆಸರು ನಡೆದದ್ದನ್ನು ಎರಡು ಕಡೆಯವರ ಭೇಟಿಯನ್ನಾಗಿ ಮಾಡ್ತದೆ. ಅದು ಭೇಟಿ ಅಲ್ಲ, ತೆರವು. ಪುಸ್ತಕದ ಹೆಸರು ಆ ಮಾತನ್ನು ನೇರವಾಗಿ ಹೇಳ್ತದೆ. ಹಾಗಿದ್ದರೂ ಚಿತ್ರದ ಬಲ ದೊಡ್ಡದು: ಅಧಿಕಾರಿಗಳು ಅಂದು ತೆಗೆದ ದೃಶ್ಯಗಳಿಗೆ ಅವಳ ದನಿ ಸೇರಿದಾಗ ಆ ದೃಶ್ಯಗಳ ಅರ್ಥವೇ ಬದಲಾಗ್ತದೆ.

ನಮ್ಮ ವಿಷಯಕ್ಕೆ ಬಂದರೆ, ಹೋಲಿಕೆಗೆ ಮಿತಿ ಉಂಟು. ಅಲ್ಲಿ ಜನರನ್ನೇ ಎಬ್ಬಿಸಿದರು. ಕಾಸರಗೋಡಿನಲ್ಲಿ 1956ರಲ್ಲಿ ಜನ ಇದ್ದಲ್ಲೇ ಇದ್ದರು, ರಾಜ್ಯ ಬದಲಾಯಿತು. ಆದರೆ ಓದುವ ಕ್ರಮವನ್ನು ಅಲ್ಲಿಂದ ಕಲಿಯಬಹುದು. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಹೇಳಿದ ಮಹಾಜನ್ ವರದಿಯನ್ನು ನಾವು ಪದೇಪದೇ ಉಲ್ಲೇಖಿಸ್ತೇವೆ. ಆ ದಿನಗಳನ್ನು ಕಂಡ ಅಜ್ಜಿಯರ ಮಾತನ್ನು ಅನುಬಂಧಕ್ಕೆ ತಳ್ತೇವೆ. ಅವರ ಮಾತು ವರದಿಗೆ ಅಲಂಕಾರ ಅಲ್ಲ. ವರದಿ ಏನನ್ನು ನೋಡಲಿಲ್ಲ ಅಂತ ಗೊತ್ತಾಗುವುದು ಆ ಮಾತಿನಿಂದಲೇ. ಅವರಲ್ಲಿ ಇನ್ನೂ ಕೆಲವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.