ಒರೆಗಲ್ಲು ಸಾಲದು, ಮೂಸೆ ಬೇಕು

ಕನ್ನಡದ ವಿಮರ್ಶೆ ತನ್ನ ಮಾತುಗಳನ್ನು ಅಕ್ಕಸಾಲಿಗನ ಅಂಗಡಿಯಿಂದ ಧಾರಾಳವಾಗಿ ಸಾಲ ತಂದಿದೆ. ಕೃತಿಯನ್ನು ಒರೆಗೆ ಹಚ್ಚುತ್ತೇವೆ, ಅನುಭವ ಮೂಸೆಯಲ್ಲಿ ಕರಗಿತು ಎನ್ನುತ್ತೇವೆ, ಕಷ್ಟ ಉಂಡವನನ್ನು ಪುಟಕ್ಕಿಟ್ಟ ಚಿನ್ನ ಎಂದು ಹೊಗಳುತ್ತೇವೆ. ಉರ್ದುವಿನಲ್ಲೂ ಇದೇ ಕಥೆ. ಒಳ್ಳೆಯದರ ಜೊತೆ ಇನ್ನೊಂದು ಒಳ್ಳೆಯದು ಕೂಡಿ ಬಂದರೆ ‘ಸೋನೆ ಪೆ ಸುಹಾಗಾ’ ಎನ್ನುವುದು ಮನೆಮನೆಯ ಮಾತು. ಆದರೆ ಸುಹಾಗಾ ಎಂದರೇನು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅದು ಬಿಳಿಗಾರ, ಅಂದರೆ ಬೋರಾಕ್ಸ್. ಚಿನ್ನ ಕರಗಿಸುವಾಗ ಅದರ ಕಲ್ಮಶವನ್ನು ತನ್ನೊಳಗೆ ಎಳೆದುಕೊಂಡು ಗಾಜಾಗಿಬಿಡುವ ಪುಡಿ. ಸಾಲ ತಂದವರು ಒಮ್ಮೆಯಾದರೂ ಕೊಟ್ಟವನ ಅಂಗಡಿಯೊಳಗೆ ಇಣುಕಿ ನೋಡಬೇಡವೇ?

ಈ ಪ್ರಶ್ನೆ ನಮಗೆ ಎದುರಾದದ್ದು ಕೋಲಾರದ ಚಿನ್ನದ ಗಣಿಯ ಸುತ್ತ ಇತ್ತೀಚೆಗೆ ಬಂದ ಕಥೆಗಳಿಂದ. 2018 ಮತ್ತು 2022ರಲ್ಲಿ ಬಂದ ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ಚಿತ್ರದ ಎರಡು ಭಾಗಗಳು ಆ ಊರಿನ ಹೆಸರನ್ನು ದೇಶದ ಮೂಲೆಮೂಲೆಗೂ ಮುಟ್ಟಿಸಿದವು. ಸೈನೈಡ್ ಗುಡ್ಡಗಳಲ್ಲಿ ಸೆಟ್ ಹಾಕಿ ಚಿತ್ರೀಕರಿಸಿದರೂ ಅಲ್ಲಿನ ನರಾಚಿ ಕಲ್ಪನೆಯ ಗಣಿ. 2024ರಲ್ಲಿ ಬಂದ ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಗಣಿ ಹುಟ್ಟುವ ಮುಂಚಿನ ಕಾಲಕ್ಕೆ ಹೋಗಿ, ದಲಿತ ದುಡಿಮೆಗಾರರನ್ನು ಕಥೆಯ ನಡುಮನೆಯಲ್ಲಿ ಕೂರಿಸಿತು. ಅದು ಸಣ್ಣ ಕೆಲಸವಲ್ಲ. ಆದರೂ ಈ ಚಿತ್ರಗಳಲ್ಲಿ ಚಿನ್ನ ಒಂದೋ ಗಟ್ಟಿಯಾಗಿ ಕಾಣುತ್ತದೆ, ಇಲ್ಲವೇ ಮಾಯೆಯಾಗಿ. ಕಲ್ಲಿನಲ್ಲಿ ಎಷ್ಟು ಚಿನ್ನವಿದೆ ಎಂದು ಕಂಡುಹಿಡಿಯುವ ಕೆಲಸ, ಅದರ ಉಪಕರಣ, ಅದನ್ನು ಬಲ್ಲ ಕೈ ಇವು ಯಾವುವೂ ಕಥೆಯನ್ನು ಮುಂದಕ್ಕೆ ಒಯ್ಯುವುದಿಲ್ಲ. ನಾವು ಇಲ್ಲಿ ಮಾತಾಡಹೊರಟಿರುವುದು ಆ ಕೈಯ ಬಗ್ಗೆ. ವಿಚಿತ್ರವೆಂದರೆ, ಅದು ಮುಕ್ಕಾಲು ಪಾಲು ಕುಲುಮೆಯಲ್ಲಿ ಗಾಜು ಮಾಡುವ ಕೆಲಸ.

ಗಾಜು ಹೇಳುವ ಲೆಕ್ಕ

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಬೆಣಚು ಎಂದರೆ ಸಿಲಿಕಾ. ಗಾಜಿನ ಮೂಲವಸ್ತುವೂ ಅದೇ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಒಡೆದು ತಂದ ಕಲ್ಲಿನಲ್ಲೂ ಚಿನ್ನ ಕಣ್ಣಿಗೆ ಬೀಳುವುದು ಅಪರೂಪ. ಟನ್ನಿಗೆ 5 ಗ್ರಾಂ ಚಿನ್ನವಿದೆ ಎಂದಿಟ್ಟುಕೊಳ್ಳಿ. ಆಗ 30 ಗ್ರಾಂ ಕಲ್ಲುಪುಡಿಯಲ್ಲಿ ಅದರ ಪಾಲು 0.15 ಮಿಲಿಗ್ರಾಂ. ಈ ಕಣವನ್ನು ಹಿಡಿದು ತೂಗುವ ವಿದ್ಯೆಗೆ ಗಣಿಯವರು ‘ಅಸ್ಸೇ’ ಎನ್ನುತ್ತಾರೆ. ಯಾವ ಸುರಂಗ ಮುಂದುವರಿಯಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನ ಈ ಲೆಕ್ಕದ ಮೇಲೆ ನಿಂತಿರುತ್ತದೆ.

ಕೆಲಸ ನಡೆಯುವುದು ಹೀಗೆ. ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಬೆಂಕಿ ತಾಳುವ ಮಣ್ಣಿನ ಮೂಸೆಯಲ್ಲಿ ಅದಕ್ಕೆ ಸೋಡಾ, ಬಿಳಿಗಾರ, ಸೀಸದ ಆಕ್ಸೈಡ್ ಮತ್ತು ಒಂದಿಷ್ಟು ಹಿಟ್ಟು ಬೆರೆಸುತ್ತಾರೆ. ಸೀಸದ ಈ ಆಕ್ಸೈಡಿಗೆ ಉರ್ದುವಿನಲ್ಲಿ ಮುರ್ದಾಸಂಗ್ ಎಂಬ ಹಳೆಯ ಹೆಸರಿದೆ. ಹಿಟ್ಟು ಎಂದರೆ ಅಡುಗೆಮನೆಯ ಹಿಟ್ಟೇ. ಅದರೊಳಗಿನ ಇಂಗಾಲ ಆಕ್ಸೈಡಿನ ಒಂದು ಭಾಗವನ್ನು ಸೀಸವಾಗಿ ಬಿಡಿಸುತ್ತದೆ. ಸುಮಾರು 1000ದಿಂದ 1100 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಇಟ್ಟರೆ ಕಲ್ಲು ಕರಗಿ ಗಾಜಾಗುತ್ತದೆ. ಆ ಗಾಜಿನೊಳಗೆ ಸೀಸದ ಸಣ್ಣ ಹನಿಗಳು ತುಂತುರು ಮಳೆಯಂತೆ ಇಳಿಯುತ್ತ, ದಾರಿಯಲ್ಲಿ ಸಿಕ್ಕ ಚಿನ್ನ ಬೆಳ್ಳಿಯನ್ನೆಲ್ಲ ಕೂಡಿಸಿಕೊಂಡು ತಳ ಸೇರುತ್ತವೆ. ಉದ್ದನೆಯ ಇಕ್ಕಳದಿಂದ ಮೂಸೆ ಎತ್ತಿ, ಶಂಕುವಿನಾಕಾರದ ಕಬ್ಬಿಣದ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಸುತ್ತಿಗೆಯಿಂದ ಗಾಜು ಒಡೆದರೆ, ತುದಿಯಲ್ಲಿ ಸೀಸದ ಗುಂಡಿ ಸಿಗುತ್ತದೆ.

ಆ ಗುಂಡಿಯನ್ನು ಮೂಳೆಯ ಬೂದಿಯಿಂದಲೋ ಮೆಗ್ನೀಷಿಯಾದಿಂದಲೋ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಬೇಕು. ಈ ಸಲ ಕುಲುಮೆಯೊಳಗೆ ಗಾಳಿ ಆಡಬೇಕು. ಸೀಸ ಮತ್ತೆ ಆಕ್ಸೈಡಾಗಿ ಬಟ್ಟಲಿನೊಳಕ್ಕೆ ಇಂಗುತ್ತದೆ. ಕೊನೆಗೆ ಉಳಿದ ಮಣಿ ಒಮ್ಮೆ ಮಿಂಚಿ ನಿಲ್ಲುತ್ತದೆ. ಅದನ್ನು ತಟ್ಟಿ, ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕರಗಿಸಿ ತೆಗೆದರೆ ಚಿನ್ನ. ಒಡವೆಗೆ ಹಾಲ್‌ಮಾರ್ಕ್ ಹಾಕುವ ಕೇಂದ್ರಗಳಲ್ಲಿ ಇಂದಿಗೂ ಚಿನ್ನದ ಶುದ್ಧತೆಗೆ ಕೊನೆಯ ಮಾತು ಈ ಬಟ್ಟಲಿನದೇ.

ಓದುಗರು ಗಮನಿಸಬೇಕಾದದ್ದು ಚಿನ್ನವನ್ನಲ್ಲ, ಒಡೆದು ಎಸೆದ ಗಾಜನ್ನು. ನುರಿತ ಕೆಲಸಗಾರ ಮೊದಲು ನೋಡುವುದು ಅದನ್ನೇ. ಗಾಜು ನಯವಾಗಿ, ಎಲ್ಲ ಕಡೆ ಒಂದೇ ಬಗೆಯಾಗಿ ಒಡೆದರೆ ಬೆರಕೆ ಸರಿಯಾಗಿದೆ ಎಂದು ಅರ್ಥ. ಕರಗದ ಕಲ್ಲಿನ ಚೂರು ಕಂಡರೆ ಪುಡಿಯೋ ಬೆರಕೆಯೋ ಶಾಖವೋ ಸಾಲದೆ ಹೋಗಿದೆ. ಹೊಯ್ಯುವಾಗ ಪಾಕದಂತೆ ಎಳೆ ಎಳೆಯಾದರೆ ಸಿಲಿಕಾ ಹೆಚ್ಚಾಗಿದೆ, ಸೋಡಾ ಬೇಕು. ಅಂಥ ಗಾಜಿನಲ್ಲಿ ಸೀಸದ ಹನಿಗಳು ಸಿಕ್ಕಿಕೊಂಡಿರುತ್ತವೆ, ಅವುಗಳ ಜೊತೆ ಚಿನ್ನವೂ. ಅದಿರಿನಲ್ಲಿ ಗಂಧಕವಿದ್ದರೆ ಪೆಟ್ಲುಪ್ಪನ್ನೋ ಕಬ್ಬಿಣದ ಮೊಳೆಯನ್ನೋ ಮೂಸೆಗೆ ಹಾಕಬೇಕು. ಗಾಜು ಕೆಟ್ಟರೆ ಲೆಕ್ಕ ಕೆಟ್ಟಿತು.

ಒರೆಗಲ್ಲಿಗೂ ಮೂಸೆಗೂ ಇರುವ ವ್ಯತ್ಯಾಸ ಇಲ್ಲಿದೆ. ಒರೆಗಲ್ಲು ಮುಟ್ಟುವುದು ಮೇಲ್ಮೈಯನ್ನು ಮಾತ್ರ. ದಪ್ಪಗೆ ಗಿಲೀಟು ಹಾಕಿದ ಒಡವೆ ಅದನ್ನು ಏಮಾರಿಸಬಲ್ಲದು. ಮೂಸೆ ಕಲ್ಲನ್ನು ಇಡಿಯಾಗಿ ಕೇಳುತ್ತದೆ. ಏನು ಉಳಿಯಿತು ಎಂಬಷ್ಟೇ ಏನು ಕಳೆದುಹೋಯಿತು ಎಂಬುದನ್ನೂ ತೋರಿಸುತ್ತದೆ. ಗಣಿಯ ಕಥೆಗಳಿಗೆ ನಮ್ಮ ವಿಮರ್ಶೆ ಬಳಸಿದ್ದು ಒರೆಗಲ್ಲು. ಕತ್ತಲೆ, ರಕ್ತ, ಹೊಳಪು, ಈ ಮೂರು ಗೆರೆ ಮೂಡಿದರೆ ಸಾಕು, ಅಸಲಿ ಎಂದು ಚೀಟಿ ಕೊಟ್ಟೆವು. ಒಡೆದು ಎಸೆದದ್ದರಲ್ಲಿ ಯಾರು ಸಿಕ್ಕಿಕೊಂಡಿದ್ದಾರೆ ಎಂದು ತಿರುವಿ ನೋಡಲಿಲ್ಲ.

ಆರಿಸುವ ವಿದ್ಯೆ

ಗಾಜಿನ ತುಂಡುಗಳನ್ನು ಜೋಡಿಸಿ, ವಿದ್ಯುತ್ ಕುಲುಮೆಯಲ್ಲಿ ಬೆಸೆದು ತಟ್ಟೆ, ಫಲಕ, ಪದಕ ಮಾಡುವ ಕಸುಬೊಂದು ಈಗ ನಗರಗಳಲ್ಲಿ ಹವ್ಯಾಸವಾಗಿ, ಕಲೆಯಾಗಿ ಕಾಣಿಸಿಕೊಂಡಿದೆ. ಅದರ ಬಗ್ಗೆ ಸಿಗುವ ಮಾಹಿತಿಯಲ್ಲಿ ಬಹುಪಾಲು ಇಂಗ್ಲಿಷಿನದು, ಅದರಲ್ಲೂ ಬಹುಪಾಲು ಕೊಳ್ಳಬೇಕಾದ ಸಾಮಾನಿನ ಪಟ್ಟಿ. ಕೆಜಿಎಫ್‌ನಲ್ಲೋ ಬಂಗಾರಪೇಟೆಯಲ್ಲೋ ಒಬ್ಬ ಹುಡುಗಿ ಇದನ್ನು ಕಲಿಯಬೇಕೆಂದರೆ ಅವಳಿಗೆ ಪಟ್ಟಿಗಿಂತ ಮೊದಲು ಬೇಕಾದದ್ದು ತಿಳಿವಳಿಕೆ.

ಮೊದಲನೆಯದು ಹೊಂದಾಣಿಕೆ. ಶಾಖಕ್ಕೆ ಒಂದೊಂದು ಗಾಜು ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆ. ಆ ಪ್ರಮಾಣ ಬೇರೆಯಾದ ಎರಡು ಗಾಜನ್ನು ಬೆಸೆದರೆ ಇಂದಲ್ಲ ನಾಳೆ ಬಿರಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮಿಕ್ಕ ಕಿಟಕಿ ಗಾಜನ್ನು ತಂದರೆ ಒಂದೇ ಹಾಳೆಯ ತುಂಡುಗಳನ್ನು ಒಟ್ಟಿಗೆ ಬಳಸಬೇಕು. ಬಗೆಬಗೆಯ ಬಾಟಲಿ ಬೆರೆಸಬಾರದು. ಟಫನ್ ಮಾಡಿದ ಗಾಜು ಕಟ್ಟರಿಗೆ ಬಗ್ಗದು, ಪುಡಿಪುಡಿಯಾಗುತ್ತದೆ.

ಎರಡನೆಯದು, ಅಂಟದಂತೆ ನೋಡಿಕೊಳ್ಳುವುದು. ಬಿಸಿ ಗಾಜು ತಾನು ಕೂತ ಹಲಗೆಯನ್ನು ಕಚ್ಚಿಕೊಳ್ಳುತ್ತದೆ. ಅಲ್ಯುಮಿನಾ ಮತ್ತು ಚೀನಾ ಮಣ್ಣನ್ನು ನೀರಿನಲ್ಲಿ ಕಲಸಿ, ಹಲಗೆಗೆ ತೆಳುವಾಗಿ ಹಲವು ಸಲ ಬಳಿದು ಪೂರ್ತಿ ಒಣಗಿಸಬೇಕು. ಹಂಚು ಪಳಗದೆ ದೋಸೆ ಏಳದು ಎಂಬುದು ನಮ್ಮ ಹೆಂಗಸರಿಗೆ ಹೊಸ ಪಾಠವಲ್ಲ.

ಮೂರನೆಯದು ದಪ್ಪ. ಪೂರ್ತಿ ಕರಗಿದ ಗಾಜು ತನ್ನಷ್ಟಕ್ಕೆ ತಾನು ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬರಲು ನೋಡುತ್ತದೆ. ತೆಳುವಾಗಿದ್ದರೆ ಅಂಚು ಒಳಕ್ಕೆ ಸೇದಿಕೊಳ್ಳುತ್ತದೆ, ದಪ್ಪವಾದರೆ ಹರಡುತ್ತದೆ. 3 ಮಿಲಿಮೀಟರಿನ ಎರಡು ಹಾಳೆ ಒಂದರ ಮೇಲೊಂದು ಇಟ್ಟರೆ ಆಕಾರ ನಿಲ್ಲುತ್ತದೆ.

ನಾಲ್ಕನೆಯದು ಶಾಖ. ಕಿಟಕಿ ಗಾಜಿನ ತುಂಡುಗಳು 770 ಡಿಗ್ರಿಯ ಆಸುಪಾಸಿನಲ್ಲಿ ಅಂಚು ಉಳಿಸಿಕೊಂಡೇ ಅಂಟಿಕೊಳ್ಳುತ್ತವೆ. 820, 830ರ ಹೊತ್ತಿಗೆ ಒಂದಾಗಿ ಸಮತಟ್ಟಾಗುತ್ತವೆ. ಪ್ರತಿ ಕುಲುಮೆಗೂ ಅದರದೇ ಹಟ ಇರುವುದರಿಂದ ಥರ್ಮೋಕಪಲ್ ಹೇಳಿದ ಅಂಕಿ, ಹಿಡಿದ ಹೊತ್ತು, ಬಂದ ಫಲ ಮೂರನ್ನೂ ಪ್ರತಿ ಸಲ ಬರೆದಿಡಬೇಕು.

ಇಷ್ಟಾದರೂ ಅರ್ಧ ಕೆಲಸವಷ್ಟೇ ಮುಗಿದಂತೆ. ಗಾಜಿನ ಕಸುಬು ಸೋಲುವುದು ಹೆಚ್ಚಾಗಿ ಬೆಂಕಿಯಲ್ಲಲ್ಲ, ಆರುವಾಗ. ಹೊರಮೈ ಬೇಗ ಆರಿ ಒಳಗು ಬಿಸಿಯಾಗಿಯೇ ಉಳಿದರೆ ಗಾಜಿನಲ್ಲಿ ಬಿಗಿತ ಸೇರಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ತಟ್ಟೆ ಚೆಂದವಾಗಿಯೇ ಇರುತ್ತದೆ. ಒಂದು ದಿನ ಯಾರೂ ಮುಟ್ಟದೆ ಇದ್ದಾಗ ಸೀಳುತ್ತದೆ. ಅದಕ್ಕೇ ಕಿಟಕಿ ಗಾಜನ್ನು 550 ಡಿಗ್ರಿಯ ಹತ್ತಿರ ತಡೆದು ನಿಲ್ಲಿಸಿ, ಅಲ್ಲಿಂದ ಗಂಟೆಗಟ್ಟಲೆ ಮೆಲ್ಲಗೆ ಇಳಿಸಬೇಕು. ದಪ್ಪ ಹೆಚ್ಚಿದಷ್ಟೂ ಗಂಟೆಗಳು ಹೆಚ್ಚು. ಕುಲುಮೆಯ ಬಾಗಿಲು ತೆರೆದು ನೋಡುವ ಆತುರವನ್ನು ಗೆದ್ದವನೇ ಕಸುಬುದಾರ.

ಈ ಮಾತು ತಿಳಿದ ಮೇಲೆ ಕೆಜಿಎಫ್‌ನ ಇತಿಹಾಸ ಬೇರೆಯಾಗಿ ಕಾಣುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಗಣಿ ಹೊತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೂ, 1962ರಲ್ಲಿ ಕೇಂದ್ರದ ಕೈಗೂ ಬಂದವು. ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟ ಮೇಲೆ, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಕಥೆಗಾರರಿಗೆ ಉರಿದ ವರ್ಷಗಳು ಬೇಕು. ಆರಿದ ವರ್ಷಗಳು ಬೇಡ. ಗಾಜಿಗೆ ಕೊಡುವ ಗಂಟೆಗಳನ್ನು ಆ ಊರಿಗೆ ಯಾರೂ ಕೊಡಲಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ನಿಂತು ನಿದ್ದೆ ಮಾಡುವ ಹುಡುಗರು ಆ ಬಿಗಿತದ ಸಾಕ್ಷಿ. ಕೆಜಿಎಫ್‌ನ ನಿಜವಾದ ಕಥೆ ಅಲ್ಲಿದೆ ಎಂದು ನಮ್ಮ ನಂಬಿಕೆ.

ಧೂಳಿನ ಪಾಲು

ತಂತ್ರದ ಬಗ್ಗೆ ಬರೆಯುವಾಗ ದುಡಿಯುವ ಮೈಯನ್ನು ಬಿಟ್ಟು ಬರೆದರೆ ಅದೂ ಗಿಲೀಟು. ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಚಿನ್ನ ಹೊತ್ತ ಅದೇ ಬೆಣಚಿನ ಧೂಳು ದುಡಿದವರ ಶ್ವಾಸಕೋಶದಲ್ಲಿ ಕೂತಿತು. ಅಸ್ಸೇ ಕೋಣೆಯ ಸೀಸದ ಹೊಗೆಯೂ ಮೈಗೆ ವಿಷವೇ. ಆದ್ದರಿಂದ ಗಾಜಿನ ಕುಲುಮೆಯ ಪಾಠ ಕಟ್ಟರಿನಿಂದಲ್ಲ, ಮುಖಕ್ಕೆ ಕಟ್ಟುವ ಮಾಸ್ಕಿನಿಂದ ಶುರುವಾಗಬೇಕು. ಗಾಜನ್ನು ಉಜ್ಜುವಾಗ ನೀರು ಹಾಕಿಯೇ ಉಜ್ಜಬೇಕು. ಬಳಿದ ಹಲಗೆಯನ್ನು ಕೆರೆಯುವಾಗ ಧೂಳು ಏಳದಂತೆ ಒದ್ದೆ ಮಾಡಬೇಕು. ಕುಲುಮೆಯೊಳಗೆ ಬರಿಗಣ್ಣಿನಿಂದ ದಿಟ್ಟಿಸಬಾರದು. ಕೋಣೆಗೆ ಕಿಟಕಿ ಬೇಕು.

ಬಳೆಯ ಕಥೆಯೂ ಇದೇ. ದೇಶದ ಗಾಜಿನ ಬಳೆಗಳಲ್ಲಿ ಬಹುಪಾಲು ಬರುವುದು ಉತ್ತರ ಪ್ರದೇಶದ ಫಿರೋಜಾಬಾದಿನಿಂದ. ಅಲ್ಲಿ ಬಳೆಯ ಎರಡು ತುದಿಯನ್ನು ದೀಪದ ಉರಿಯಲ್ಲಿ ಕೂಡಿಸುವ ಕೆಲಸಕ್ಕೆ ‘ಜುಡಾಯಿ’ ಎಂದು ಹೆಸರು. ಮನೆಯೊಳಗೆ, ಗಾಳಿ ಬಂದರೆ ಉರಿ ಅಲುಗೀತೆಂದು ಬಾಗಿಲು ಮುಚ್ಚಿಕೊಂಡು ಕೂತವರಲ್ಲಿ ಹೆಂಗಸರೇ ಹೆಚ್ಚು, ಮುಸ್ಲಿಮರೂ ಬಹಳ. ಬಳೆಯ ಹಾಡು ನಮ್ಮ ಭಾಷೆಗಳಲ್ಲಿ ಬೇಕಾದಷ್ಟಿವೆ. ಜುಡಾಯಿಯ ಕೆಮ್ಮು ಕೇಳಿಸುವ ಹಾಡು ಎಷ್ಟಿವೆ?

ನಮ್ಮ ನಾಡಿಗೂ ಈ ವಿದ್ಯೆ ಹೊರಗಿನದಲ್ಲ. ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಗಾಜಿನ ಬಳೆಯ ಕುಲುಮೆಗಳಿದ್ದವು. 1800-01ರಲ್ಲಿ ಈ ಕಡೆ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಅವುಗಳ ಕೆಲಸವನ್ನು ವಿವರವಾಗಿ ಬರೆದುಕೊಂಡು 1807ರಲ್ಲಿ ಅಚ್ಚು ಹಾಕಿಸಿದ. ಕುಲುಮೆ ನಮ್ಮದು, ಕೈ ನಮ್ಮದು, ಬರಹ ಮಾತ್ರ ದಾರಿಹೋಕನದು. ಕೆಜಿಎಫ್‌ನಲ್ಲೂ ಹಾಗಾಗಬೇಕೇ?

ಗಣಿಯ ತ್ಯಾಜ್ಯದ ಸೈನೈಡ್ ಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಬಿದ್ದಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅಂಥ 13 ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ಶುರುವಾದರೆ ಮೊದಲು ಬೇಕಾಗುವುದು ಮೂಸೆ, ಬಿಳಿಗಾರ, ಇಕ್ಕಳ ಮತ್ತು ಗಾಜನ್ನು ಓದಬಲ್ಲ ಕಣ್ಣು. ಆ ಕಣ್ಣು ಊರಿನ ಮಕ್ಕಳದಾಗಬೇಕೇ, ಹೊರಗಿನಿಂದ ತರಿಸಿದ್ದಾಗಬೇಕೇ ಎಂಬುದು ಸರ್ಕಾರದ ಪ್ರಶ್ನೆ ಮಾತ್ರವಲ್ಲ, ಸಂಸ್ಕೃತಿಯ ಪ್ರಶ್ನೆಯೂ ಹೌದು.

ಲೇಖಕರಾದ ನಾವು ಮಾಡಬಹುದಾದದ್ದು ಇಷ್ಟು. ಗಣಿಯಲ್ಲಿ ದುಡಿದು ಈಗ ಮುಪ್ಪಿನಲ್ಲಿರುವವರ ಬಳಿ ಕೂತು, ಅವರು ಯಾವ ಉಪಕರಣವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂದು ಬರೆದುಕೊಳ್ಳುವುದು. ಅವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತರು. ತೆಲುಗು, ಉರ್ದು, ಕನ್ನಡದವರೂ ಇದ್ದಾರೆ. ಆ ನಾಲ್ಕು ಭಾಷೆಯ ಹೆಸರುಗಳು ಒಂದೇ ಪುಟದಲ್ಲಿ ಬರಲಿ. ಮುಂದಿನ ಕಥೆ, ಮುಂದಿನ ಸಿನಿಮಾ, ಮುಂದಿನ ಗಾಜಿನ ಕುಲುಮೆ ಮೂರಕ್ಕೂ ಆ ಪುಟ ಬೇಕಾಗುತ್ತದೆ.